ಮೂರು ಮನೆ ಕೆಳಗೆ

ಮೂರನೆಯ ಅಂಗಿಯ ಕಾಲರಿಗೆ ಓಲೀನ್ ಗಂಜಿನೀರು ಚಿಮುಕಿಸುತ್ತಿದ್ದಾಗ ಹಿಂಬಾಗಿಲಿನ ಜಾಲರಿ ಕದ ಕಿರ್ರೆಂದಿತು. ಬಾಗಿಲು ತಟ್ಟದೆ ಒಳಗೆ ಬರುವವಳು ಒಬ್ಬಳೇ, ತಮ್ಮನ ಹೆಂಡತಿ ನೆಲ್ಡಾ. ನಾಲ್ಕನೆಯ ಅಂಗಿಯನ್ನು ನಿದ್ದೆ ಹೋದ ಮಗುವನ್ನು ತರುವಂತೆ ಎರಡೂ ತೋಳುಗಳ ಮೇಲೆ ಹಾಕಿಕೊಂಡು ಬಂದಿದ್ದಳು.

"ಗುಂಡಿ ಈಗಷ್ಟೇ ಹಚ್ಚಿದೆ ಅಕ್ಕ. ಇನ್ನು ನಿನ್ನ ಪಾಲು."

ಬೆಣ್ಣೆ ಬಣ್ಣದ ಒಂದೇ ಥಾನಿನಿಂದ ಕತ್ತರಿಸಿದ ನಾಲ್ಕು ಅಂಗಿಗಳು. ಸಮಾಧಿಗಳಿಗೆ ಹೂವಿಡುವ ಮೇ ತಿಂಗಳ ಭಾನುವಾರಕ್ಕೆ ರೌಂಡ್‌ಟಾಪ್ ಕ್ವಾರ್ಟೆಟ್‌ನ ನಾಲ್ವರೂ ಹೊಸ ಅಂಗಿ ತೊಟ್ಟು ಹಾಡಬೇಕು. ಹೊಲಿಯುವುದು ನೆಲ್ಡಾ, ಇಸ್ತ್ರಿ ಓಲೀನಳದು. ಇಪ್ಪತ್ತೆಂಟು ವರ್ಷಗಳಿಂದ ಇದೇ ಕ್ರಮ. ಹೆಸರಿನ ಚೀಟಿ ಇಲ್ಲದಿದ್ದರೂ ಯಾವುದು ಯಾರದೆಂದು ಓಲೀನಳಿಗೆ ತಿಳಿಯುತ್ತಿತ್ತು. ತೋಳು ಉದ್ದವಿದ್ದರೆ ಕ್ಷೌರದ ಅಂಗಡಿಯ ವೆಂಡೆಲ್‌ನದು. ಹೊಟ್ಟೆಯ ಹತ್ತಿರ ಅಗಲವಿದ್ದರೆ ಮಾತೇ ಆಡದ ಆರ್ವಲ್‌ನದು. ಗಂಡ ಹಾಯ್ಟ್‌ನ ಅಂಗಿಯ ಮೇಲಿನ ಗುಂಡಿಗೆ ಎರಡು ಸುತ್ತು ಹೆಚ್ಚು ದಾರ. ತಾರಕ್ಕೆ ಏರುವಾಗ ಅವನು ಅದನ್ನು ಹಿಡಿದು ಎಳೆಯುತ್ತಾನೆ. ಈಗ ಬಂದದ್ದು ತಮ್ಮ ಡಾಯ್ಲ್‌ನದು. ಗೂಳಿಯ ಕತ್ತು.

"ಅಳತೆ ಹೋದ ವರ್ಷದ್ದೇ ಇಟ್ಟಿದ್ದೀನಿ," ಎಂದಳು ನೆಲ್ಡಾ, ಕುರ್ಚಿ ಎಳೆದುಕೊಂಡು. "ಹಾಕ್ಕೊಂಡ್ರೆ ನೇತಾಡತ್ತೆ. ನೋಡಿದವರು ನನ್ನ ಕೈಗೇ ಹೆಸರಿಡ್ತಾರೆ."

"ತೆಳ್ಳಗಾಗಿದ್ದಾನಾ?"

"ತಿಂದ್ರೆ ತಾನೆ? ಇವತ್ತು ಬೆಳಗ್ಗೆ ಬನ್ನಿನ ಹಾಗೆ ಮೆತ್ತಗೆ ನಾಲ್ಕು ಬಿಸ್ಕಿಟ್ ಬೇಯಿಸಿದ್ದೆ, ಗ್ರೇವಿ ಹಾಕಿ. ಮುಟ್ಟಿ ನೋಡಿ ನಾಯಿಗೆ ಹಾಕಿದ. ನಾಯಿ ದಪ್ಪಗಾಗ್ತಿದೆ." ನಗಲು ಹೋದವಳು ನಗಲಿಲ್ಲ. "ಅಕ್ಕ, ನಾನು ಹೇಳಿದೆ ಅಂತ ಹೇಳಬೇಡ. ಅವನ ದನಿ ಹೋಗ್ತಿದೆ. ಕೆಳಗಿನ ಸ್ವರ ಸಿಗ್ತಾ ಇಲ್ಲವಂತೆ. ಲಾರೀಲಿ ಒಬ್ಬನೇ ಕೂತು ನೋಡ್ತಾನೆ, ಕೊಟ್ಟಿಗೇಲಿ ನೋಡ್ತಾನೆ. ಕಾಫಿ ಬಿಟ್ಟ. ವಿನೆಗರಲ್ಲಿ ಬಾಯಿ ಮುಕ್ಕಳಿಸ್ತಾನೆ. ಪಟ್ಟಣದ ಡಾಕ್ಟರು ಗಂಟಲೊಳಗೆ ಕೊಳವೆ ಬಿಟ್ಟು ನೋಡಿ, ಏನೂ ಇಲ್ಲಪ್ಪ, ಹೋಗು ಅಂದ್ರು. ಇವನು ನಂಬಬೇಕಲ್ಲ. ಅಪ್ಪನಿಗೂ ಮೊದಲು ಹೋಗಿದ್ದು ದನಿಯೇ, ಆಮೇಲೆ ಆರು ತಿಂಗಳು ಅಂತಾನೆ. ಭಾನುವಾರ ಆದ ಮೇಲೆ ಹಾಡೋದೇ ಬಿಡ್ತಾನಂತೆ."

"ಯಾವಾಗಿಂದ ಹೀಗೆ?"

"ಈಸ್ಟರ್ ಆದ್ಮೇಲಿಂದ. ಅದಕ್ಕೆ ಮುಂಚೆ ಚೆನ್ನಾಗೇ ಇದ್ದ."

ಓಲೀನ್ ಆಗಲೇ ಇಸ್ತ್ರಿಯಾಗಿದ್ದ ಕಾಲರಿನ ಮೇಲೆ ಇನ್ನೊಮ್ಮೆ ಇಸ್ತ್ರಿ ಆಡಿಸಿದಳು.

"ಬಟ್ಟೆ ಒಂದೂವರೆ ಗಜ ಮಿಕ್ಕಿದೆ," ಎಂದು ನೆಲ್ಡಾ ಕಂಕುಳಿನಿಂದ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ನಿನ್ನ ಪಿಯಾನೋ ಬೆಂಚಿನ ದಿಂಬಿಗೆ ಹೊದಿಕೆ ಮಾಡ್ಕೋ. ನನಗೇನೂ ಬೇಡ. ಆ ಬಣ್ಣ ಈ ವರ್ಷ ಕಣ್ಣಿಗೆ ಬೀಳೋದೇ ಬೇಡ."

ಅವಳು ಹೋದ ಮೇಲೆ ಓಲೀನ್ ಇಸ್ತ್ರಿಯನ್ನು ನಿಲ್ಲಿಸಿಟ್ಟು ಕುಳಿತುಬಿಟ್ಟಳು. ಡಾಯ್ಲ್‌ನ ದನಿಗೆ ಏನೂ ಆಗಿರಲಿಲ್ಲ. ಅದು ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಈ ಬೆಟ್ಟದ ಮೇಲೆ ಎಲ್ಲರೂ ಹಾಡು ಕಲಿಯುವುದು ಆಕಾರಗಳಿಂದ. ಪುಸ್ತಕದಲ್ಲಿ ಸ್ವರಕ್ಕೊಂದು ಆಕಾರ. ತ್ರಿಕೋನ ಕಂಡರೆ 'ಡೊ', ದುಂಡಗಿದ್ದರೆ 'ಸೊಲ್'. ಆ ತ್ರಿಕೋನ ಎಷ್ಟು ಎತ್ತರದಲ್ಲಿ ಕೂತಿದೆ ಎಂದು ಹಾಡುವವರು ಕೇಳುವುದಿಲ್ಲ. ಪಿಯಾನೋ ಎಲ್ಲಿ ತೋರಿಸುತ್ತದೋ ಅಲ್ಲಿಂದ ಹೊರಡುತ್ತಾರೆ. ಶ್ರುತಿ ಪಿಯಾನೋದವಳ ಕೆಲಸ, ಊಟದ ಉಪ್ಪು ಅಡುಗೆಯವಳ ಕೆಲಸವಿದ್ದ ಹಾಗೆ.

ಹನ್ನೊಂದು ವರ್ಷದ ಹಿಂದೆ ಹಾಯ್ಟ್‌ಗೆ ನ್ಯುಮೋನಿಯಾ ಆಗಿತ್ತು. ಎದ್ದ ಮೇಲೆ ಮೊದಲ ಸಲ ಹಾಡಲು ನಿಂತಾಗ ಅವನ ಕತ್ತಿನ ನರಗಳು ಉಬ್ಬಿದ್ದನ್ನು ನೋಡಿ ಓಲೀನ್ ತನ್ನ ಬೆರಳುಗಳನ್ನು ಪಿಯಾನೋದ ಕರಿ ಮನೆಯಿಂದ ಪಕ್ಕದ ಬಿಳಿ ಮನೆಗೆ, ಒಂದು ಕೀಲಿಯಷ್ಟು ಕೆಳಗಿನ ಶ್ರುತಿಗೆ, ಇಳಿಸಿದ್ದಳು. ಹುಷಾರಾಗುವವರೆಗೆ ಅಂತ. ಅವನು ಹಾಡಿ ಮುಗಿಸಿ ಬಂದು, "ಕಂಡೆಯಾ, ಏನೂ ಆಗಿಲ್ಲ ನನಗೆ," ಎಂದ. ಮತ್ತೆ ಏರಿಸಲು ಅವಳಿಗೆ ಕೈ ಬರಲಿಲ್ಲ. ಐದು ವರ್ಷದ ನಂತರ ಇನ್ನೊಂದು ಮನೆ ಇಳಿಯಿತು. ಈ ಈಸ್ಟರಿಗೆ ಮೂರನೆಯದು. ಗಿರಣಿಯಲ್ಲಿ ಮೂವತ್ತೊಂದು ವರ್ಷ ಕಾಲುಚೀಲದ ತುದಿ ಹೊಲಿದ ಕೈ ಅದು. ಹೊಲಿಗೆ ಎಲ್ಲಿ ಕೂಡಿತು ಎಂಬುದು ಹಾಕಿಕೊಂಡವರ ಬೆರಳಿಗೆ ತಿಳಿಯಬಾರದು. ಯಾರಿಗೂ ತಿಳಿಯಲಿಲ್ಲ. ಒಬ್ಬನ ಸೂರು ತಗ್ಗಿಸಿದರೆ ಇನ್ನೊಬ್ಬನ ನೆಲವೂ ಅಷ್ಟೇ ಇಳಿಯುತ್ತದೆ ಎನ್ನುವುದು ಮಾತ್ರ ಅವಳಿಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ನೋಡಲಿಲ್ಲವೋ.

ಅಂದು ಸಂಜೆ ಅಭ್ಯಾಸಕ್ಕೆ ಎಲ್ಲರೂ ಬಂದರು. ಡಾಯ್ಲ್ ಕೊನೆಗೆ ಬಂದ, ಮನೆಮನೆಗೆ ಗ್ಯಾಸ್ ತುಂಬುವ ಟ್ಯಾಂಕರನ್ನು ರಸ್ತೆಯಲ್ಲೇ ನಿಲ್ಲಿಸಿ.

"ಬಂತಪ್ಪ ಬಾವಿ ಕಪ್ಪೆ!" ಎಂದ ಹಾಯ್ಟ್.

ಈ ಮಾತಿಗೆ ಡಾಯ್ಲ್‌ನದು ಒಂದು ಕಾಯಂ ಉತ್ತರವಿತ್ತು, 'ಮೊದಲು ಮರದ ಮೇಲಿನ ಹುಂಜ ಕೂಗಲಿ' ಅಂತ. ಇವತ್ತು ಅವನು ಟೋಪಿ ತೆಗೆದು ಮೊಳೆಗೆ ಹಾಕಿ ತನ್ನ ಜಾಗದಲ್ಲಿ ನಿಂತ.

'ಆ ದಡದ ಗಂಟೆ' ಅವರ ಹಾಡು. ಪಲ್ಲವಿಯ ಕೊನೆಯಲ್ಲಿ ಹಾಯ್ಟ್‌ನ ದನಿ ಎಲ್ಲಕ್ಕಿಂತ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಡಾಯ್ಲ್‌ನದು ಏಳು ಮೆಟ್ಟಿಲು ಒಂದೊಂದಾಗಿ ಇಳಿಯುತ್ತದೆ. ಚರ್ಚಿನ ಮುಂದಿನ ಸಾಲಿನ ಮಕ್ಕಳು ಆಗ ಬೆಂಚಿನ ಹಲಗೆಗೆ ಅಂಗೈ ಒತ್ತಿ ಹಿಡಿಯುತ್ತಾರೆ. ಏಳನೆಯ ಮೆಟ್ಟಿಲಿಗೆ ಹಲಗೆ ಗುಂಯ್ ಎನ್ನಬೇಕು. ಆ ಗುಂಯ್ ಅನ್ನು ಚಿಕ್ಕಂದಿನಲ್ಲಿ ಮುಟ್ಟಿ ನೋಡಿದವರು ಈಗ ತಮ್ಮ ಮಕ್ಕಳನ್ನು ಆ ಸಾಲಿಗೆ ತಳ್ಳುತ್ತಾರೆ.

ಓಲೀನ್ ಬಿಳಿ ಮನೆಯಿಂದಲೇ ಶುರು ಮಾಡಿದಳು. ಮೂರು ಮನೆ ಕೆಳಗೆ. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಯ್ಟ್ ನಿರಾಯಾಸವಾಗಿ ಏರಿ ನಿಂತ. ಡಾಯ್ಲ್ ನಾಲ್ಕು, ಐದು, ಆರು ಎಂದು ಇಳಿದ. ಆರನೆಯದರಲ್ಲಿ ದನಿ ಒಡೆದ ಮಡಕೆಯಾಯಿತು. ಏಳನೆಯದಕ್ಕೆ ಬಾಯಿ ಮಾತ್ರ ಆಡಿತು.

ಡಾಯ್ಲ್ ನೆಲ ನೋಡುತ್ತ, "ಭಾನುವಾರ ಹಾಡ್ತೀನಿ. ಮಾತು ಕೊಟ್ಟಿದ್ದೀನಿ. ಅದಾದ್ಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದ.

"ಹುಚ್ಚು ಹಿಡೀತೇನೋ ನಿನಗೆ?" ಹಾಯ್ಟ್ ನಗೆಯಲ್ಲೇ ತೇಲಿಸಲು ನೋಡಿದ. "ಐವತ್ತಾರಕ್ಕೆ ಯಾರ ದನಿ ಹೋಗತ್ತೆ? ನನ್ನ ನೋಡು, ಅರವತ್ತೇಳು. ಮದುವೆ ಆದಾಗ ಯಾವ ಶ್ರುತೀಲಿ ಹಾಡಿದ್ನೋ ಇವತ್ತೂ ಅದೇ ಶ್ರುತಿ. ಬೇಕಾದ್ರೆ ನಿಮ್ಮಕ್ಕನ್ನ ಕೇಳು."

ನಾಲ್ವರೂ ಅವಳ ಕಡೆ ತಿರುಗಿದರು.

"ಕಾಫಿ ಇಡ್ಲಾ?" ಎಂದಳು ಓಲೀನ್.

"ನನಗೆ ಬೇಡಕ್ಕ, ಬಿಟ್ಟಿದ್ದೀನಿ," ಎಂದು ಡಾಯ್ಲ್ ಟೋಪಿ ತೆಗೆದುಕೊಂಡ.

ಎಲ್ಲರೂ ಹೋದ ಮೇಲೆ ಹಾಯ್ಟ್ ಲೋಟಗಳನ್ನು ತೊಳೆದ. ತೊಳೆಯುವಾಗ ಹಾಡಿಕೊಳ್ಳುವ ಮನುಷ್ಯ, ಇಂದು ಸುಮ್ಮನಿದ್ದ. ಕೈ ಒರೆಸಿಕೊಳ್ಳುತ್ತ, "ಅವನು ಬಿಟ್ರೆ ನಾನೂ ಬಿಡ್ತೀನಿ, ಓಲೀನ್," ಎಂದ. "ತಳಪಾಯ ಇಲ್ಲದ ಮೇಲೆ ಮಾಳಿಗೆ ಯಾವುದರ ಮೇಲೆ ಕಟ್ಟೋದು? ನಾನು ಹಾಗೆ ಜಂಭ ಕೊಚ್ಚಬಾರದಿತ್ತು. ಅವನ ಮುಖ ನೋಡಿದೆಯಾ?"

ಹೇಳಿಬಿಡುವುದಾದರೆ ಅದೇ ಹೊತ್ತು. 'ನಿನ್ನ ಶ್ರುತಿ ಅದೇ ಅಲ್ಲ' ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಆದರೆ ಒದ್ದೆ ಟವೆಲ್ಲನ್ನು ಸರಳಿಗೆ ಅಂಚು ಸರಿಮಾಡಿ ಹಾಕುತ್ತಿದ್ದ ಆ ದೊಡ್ಡ ಬೆನ್ನನ್ನು ನೋಡಿ ಅವಳು ಲೋಟಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದಳು. ಒಬ್ಬನಿಗೆ ಅವನ ದನಿ ವಾಪಸು ಕೊಡಬೇಕಾದರೆ ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕು. ಇಬ್ಬರೂ ಅವಳವರೇ.

ಶನಿವಾರ ಹೆಂಗಸರೆಲ್ಲ ಚರ್ಚಿನ ಹಿಂದಿನ ಸಮಾಧಿಗಳ ಹುಲ್ಲು ಕಿತ್ತು, ಕಲ್ಲು ತಿಕ್ಕಿ ತೊಳೆದರು. ಅಪ್ಪ ಅಮ್ಮನ ಕಲ್ಲಿಗೆ ಓಲೀನ್ ಪಿಯೋನಿ ಹೂಗಳ ಗೊಂಚಲಿಟ್ಟಳು. ಉಳಿದವರು ಹೊರಟ ಮೇಲೆ, ಪಿಯಾನೋ ಒರೆಸಬೇಕು ಎಂದು ಹೇಳಿ ಚರ್ಚಿನೊಳಗೆ ಹೋದಳು. ಒರೆಸಲೂ ಒರೆಸಿದಳು.

ಆಮೇಲೆ ಕುಳಿತು ಹಳೆಯ ಕರಿ ಮನೆಯಿಂದ 'ಆ ದಡದ ಗಂಟೆ' ಬಾರಿಸಿದಳು. ಹನ್ನೊಂದು ವರ್ಷದಿಂದ ಹೋಗದಿದ್ದ ಸಂಬಂಧಿಕರ ಮನೆಗೆ ಹೋದಂತಾಯಿತು. ಬೆರಳುಗಳಿಗೆ ಮೂಲೆಮೂಲೆಯೂ ನೆನಪಿತ್ತು. ಪಲ್ಲವಿಯ ಕೊನೆಗೆ ಬಂದಾಗ ಹಾಯ್ಟ್ ನಿಲ್ಲಬೇಕಾದ ಜಾಗ ಖಾಲಿ ಇತ್ತು. ಖಾಲಿ ಬಿಡಲಾಗದೆ ಅವಳೇ ಹಾಡಿದಳು.

ದನಿ ಸುಮ್ಮನೆ ಹೋಗಿ ನಿಂತಿತು. ಗಂಡಸರಿಗೆ ಆಕಾಶವಾದದ್ದು ಹೆಂಗಸರಿಗೆ ಅಟ್ಟದಷ್ಟೇ ಎತ್ತರ.

ಹದಿನಾರನೆಯ ವಯಸ್ಸಿನಲ್ಲಿ, ಬೇಸಿಗೆಯ ಹಾಡಿನ ಶಾಲೆಯಲ್ಲಿ, ಗಿಲ್‌ಬ್ರೆತ್ ಮೇಷ್ಟ್ರು ಅವಳನ್ನು ಎದ್ದು ನಿಲ್ಲಿಸಿ, "ಈ ಹುಡುಗಿ ತಗಡಿನ ಮಾಡಿಗೆ ತೂತು ಮಾಡ್ತಾಳೆ, ನೋಡ್ಕೊಳ್ರೋ," ಎಂದಿದ್ದರು. ಅದೇ ವಾರ ನಾಲ್ಕು ಹುಡುಗರು ಕ್ವಾರ್ಟೆಟ್ ಕಟ್ಟಿದರು; ಡಾಯ್ಲ್ ಆಗಿನ್ನೂ ಚಿಕ್ಕ ಹುಡುಗ, ಸೇರಿದ್ದು ಎಷ್ಟೋ ವರ್ಷದ ಮೇಲೆ. ಅವರಿಗೆ ಪಿಯಾನೋದವಳು ಬೇಕಾಗಿತ್ತು. ಆಗ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಪಿಯಾನೋ ಬೆಂಚಿನ ಮೇಲೆ ಕುಳಿತರೆ ಹಾಯ್ಟ್ ಟಿಡ್‌ಮೋರ್‌ನ ಕಿವಿಯ ಹಿಂಭಾಗ ಎರಡೇ ಅಡಿ ದೂರದಲ್ಲಿ ಕಾಣುತ್ತಿತ್ತು. ಆ ದನಿ ಕೇಳುತ್ತ ಕೂರುವುದೇ ಒಂದು ಬದುಕಿಗೆ ಸಾಕಷ್ಟಾಗಿತ್ತು. ಈಗಲೂ ಸಾಕಷ್ಟೇ. ಆದರೂ ಆ ಸ್ವರವನ್ನು ಅವಳು ಇನ್ನೊಮ್ಮೆ ಹಾಡಿ ನೋಡಿದಳು. ಇನ್ನೂ ಒಮ್ಮೆ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಕಿಟಕಿಗಳನ್ನೆಲ್ಲ ಮೇಲಕ್ಕೆತ್ತಿದ್ದರು, ಶವಸಂಸ್ಕಾರ ನಡೆಸುವ ಕಂಪನಿಯ ಹೆಸರು ಅಚ್ಚು ಹಾಕಿದ ರಟ್ಟಿನ ಬೀಸಣಿಗೆಗಳು ಸಾಲುಸಾಲಾಗಿ ಆಡುತ್ತಿದ್ದವು. ಹೊರಗೆ ಓಕ್ ಮರಗಳ ಕೆಳಗೆ ಉದ್ದನೆಯ ಮೇಜುಗಳ ಮೇಲೆ ಊಟ ಮುಚ್ಚಿಟ್ಟಿದ್ದು, ಹುರಿದ ಕೋಳಿಯ ವಾಸನೆ ಪ್ರಾರ್ಥನೆಯ ನಡುವೆಯೂ ಒಳಗೆ ಬಂದುಹೋಗುತ್ತಿತ್ತು.

ನಾಲ್ಕು ಬೆಣ್ಣೆ ಬಣ್ಣದ ಅಂಗಿಗಳು ಎದ್ದು ನಿಂತವು. ಡಾಯ್ಲ್‌ನ ಕಾಲರಿನೊಳಗೆ ಎರಡು ಬೆರಳು ತೂರುವಷ್ಟು ಜಾಗವಿತ್ತು. ಮುಂದಿನ ಸಾಲಿನ ಮಕ್ಕಳು ಆಗಲೇ ಹಲಗೆಗೆ ಕೈಯಿಟ್ಟಿದ್ದರು. ಅವರನ್ನು ನೋಡಿದ್ದೇ ಡಾಯ್ಲ್ ಕಣ್ಣನ್ನು ಕಿಟಕಿಯ ಕಡೆಗೆ ತಿರುಗಿಸಿದ.

ಮೊದಲ ಎರಡು ಹಾಡುಗಳನ್ನು ಓಲೀನ್ ಈಚಿನ ಶ್ರುತಿಯಲ್ಲೇ ಬಾರಿಸಿದಳು. ಮೂರನೆಯದಕ್ಕೆ ಅವಳ ಕೈ ಕರಿ ಮನೆಯ ಮೇಲೆ ಹೋಗಿ ಕುಳಿತಿತು. ಪೀಠಿಕೆಯ ನಾಲ್ಕು ಆವರ್ತ ಬಾರಿಸುವಾಗ ಹಾಯ್ಟ್ ತಲೆಯನ್ನು ತುಸು ಓರೆ ಮಾಡಿದ, ದೂರದಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ. ಅಷ್ಟರಲ್ಲಿ ಹಾಡು ಶುರುವಾಗಿತ್ತು.

ಪಲ್ಲವಿ ಬಂತು. ಡಾಯ್ಲ್ ಒಂದೊಂದೇ ಮೆಟ್ಟಿಲು ಇಳಿದ. ನಾಲ್ಕು. ಐದು. ಆರನೆಯದರ ಮೇಲೆ ಕಾಲಿಟ್ಟು, ಅದು ಅಲುಗಲಿಲ್ಲವೆಂದು ನಂಬಲಾಗದೆ ಅರೆಕ್ಷಣ ನಿಂತ. ಏಳನೆಯದು ಅವನ ಎದೆಯಿಂದಲ್ಲ, ನೆಲದ ಹಲಗೆಯ ಕೆಳಗಿನಿಂದ ಬಂತು. ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಕೈ ಕಿತ್ತುಕೊಂಡು ಕಿಸಕ್ಕನೆ ನಕ್ಕಳು.

ಅದೇ ಹೊತ್ತಿಗೆ ಹಾಯ್ಟ್ ಮೇಲೇರುತ್ತಿದ್ದ. ಕೈ ಗುಂಡಿಗೆ ಹೋಯಿತು. ಕತ್ತಿನ ನರ ಉಬ್ಬಿತು. ಸ್ವರದ ಅಂಚಿನವರೆಗೂ ಹೋಗಿ ಅವನ ದನಿ ತಡವರಿಸಿತು. ಓಲೀನ್ ಬಾಯಿ ತೆರೆದಳು. ಅವನು ಬಿಟ್ಟ ಅಕ್ಷರದಿಂದಲೇ ಹಿಡಿದಳು, ಒಂದು ಎಳೆ ಮುಗಿಯುವ ಮುಂಚೆ ಇನ್ನೊಂದು ಎಳೆ ಸೇರಿಸುವ ಹಾಗೆ. ಕೂಡಿದ ಜಾಗ ಯಾರ ಕಿವಿಗೂ ಒತ್ತಲಿಲ್ಲ. ಅವಳ ಮುಂದೆ ಮೈಕು ಇರಲಿಲ್ಲ; ಬೇಕಾಗಲೂ ಇಲ್ಲ.

"ಆಮೆನ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಇನ್ನೊಂದ್ ಸಲ ಆಗ್ಲಿ, ಹಾಯ್ಟ್!"

ಪಲ್ಲವಿ ಮತ್ತೆ ಬೇಕಾದರೆ ಹಾಯ್ಟ್ ಹಿಂದಕ್ಕೆ ಕೈಚಾಚಿ ಪಿಯಾನೋದ ಮುಚ್ಚಳಕ್ಕೆ ಮದುವೆಯುಂಗುರದಿಂದ ಎರಡು ಸಲ ತಟ್ಟುತ್ತಾನೆ. ಟಕ್ ಟಕ್. ಅವಳು ಮತ್ತೆ ಬಾರಿಸಿದಳು. ಈ ಸಲ ಡಾಯ್ಲ್ ಮೆಟ್ಟಿಲುಗಳನ್ನು ಒಡೆಯನಂತೆ ಇಳಿದ, ಕೊನೆಯದರಲ್ಲಿ ಸಾಕೆನಿಸುವವರೆಗೂ ಕೂತ. ಹಾಯ್ಟ್ ಬಾಯಿ ತೆರೆದು ನಿಂತಿದ್ದ, ಗುಂಡಿಯಿಂದ ಕೈ ತೆಗೆದಿದ್ದ. ಮೇಲಿನ ಸ್ವರ ಪೂರ್ತಿ ಅವಳದೇ ಆಗಿತ್ತು.

ಜನ ಎದ್ದು ನಿಂತರು. ಇನ್ನು ಸಾಕೆನ್ನುತ್ತಾನೆ, ಬೆವರು ಒರೆಸಿಕೊಂಡು ಕೂರುತ್ತಾನೆ ಎಂದು ಓಲೀನ್ ಕಾದಳು. ಹಾಯ್ಟ್ ಹಿಂತಿರುಗಿ ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಬಂತು.

ಟಕ್ ಟಕ್.

ಊಟಕ್ಕೆ ಕುಳಿತಾಗ ಡಾಯ್ಲ್‌ನ ತಟ್ಟೆಯಲ್ಲಿ ಮೂರು ಕೋಳಿಕಾಲು, ಅವರೆಕಾಳು, ಎರಡು ತುಂಡು ಮೆಕ್ಕೆಜೋಳದ ಬ್ರೆಡ್ಡು. ಪಕ್ಕದಲ್ಲಿ ನೆಲ್ಡಾ ತಾನು ತಿನ್ನುವುದನ್ನು ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದಳು.

"ನಿಧಾನಕ್ಕೆ ತಿನ್ನಪ್ಪ, ಕೋಳಿ ಆಗಲೇ ಸತ್ತಿದೆ," ಎಂದಳು.

"ವಿನೆಗರ್ ಕಣೆ! ವಿನೆಗರ್‌ನಿಂದಲೇ ಸರಿಹೋಯ್ತು," ಎಂದ ಡಾಯ್ಲ್ ಬಾಯಿತುಂಬ. "ಡಾಕ್ಟರಿಗೇನು ಗೊತ್ತಾಗತ್ತೆ?"

"ಹಾಗಾದ್ರೆ ಬಿಡೋದಿಲ್ವಾ ಬಾವಿ ಕಪ್ಪೆ?" ಎಂದ ಹಾಯ್ಟ್, ಸಿಹಿ ಚಹಾದ ಲೋಟ ಹಿಡಿದು ಬಂದು.

"ಮೊದಲು ಮರದ ಮೇಲಿನ ಹುಂಜ ಕೂಗೋದು ಬಿಡ್ಲಿ ಭಾವ, ಆಮೇಲೆ ನೋಡಣ."

ನೆಲ್ಡಾ ಎದ್ದು ಬಾಳೆಹಣ್ಣಿನ ಪುಡಿಂಗಿನ ಪಾತ್ರೆಯ ಕಡೆ ಹೋದಳು. ಕಣ್ಣು ಒರೆಸಿಕೊಳ್ಳಲು ಅವಳಿಗೆ ಒಂದು ನೆಪ ಬೇಕಾಗಿತ್ತು.

"ಹಾಡು ಇವತ್ತು ಯಾಕೋ ಎತ್ತರದಲ್ಲಿ ಹಾರ್ತಿತ್ತಪ್ಪ," ಎಂದ ವೆಂಡೆಲ್. "ನನ್ನ ಕಿವಿ ತಮಟೆ ಹರಿದುಹೋಯ್ತು ಅನ್ಕೊಂಡೆ. ಹಾಯ್ಟ್, ಆ ಕೊನೇ ಸಲ ಎಲ್ಲಿಂದ ತಂದೆ ಅಷ್ಟು ಉಸಿರು?"

ಎಂದೂ ಮಾತಾಡದ ಆರ್ವಲ್ ತಟ್ಟೆಯಿಂದ ತಲೆಯೆತ್ತಿ ಓಲೀನಳನ್ನು ಒಮ್ಮೆ ನೋಡಿ, ಮತ್ತೆ ತಟ್ಟೆಗೆ ಬಗ್ಗಿದ.

ಹಾಯ್ಟ್ ಚಹಾದ ಲೋಟವನ್ನು ಎರಡು ಗುಟುಕಿಗೆ ಮುಗಿಸಿದ. "ಹತ್ತಿರದಲ್ಲೇ ಸಿಕ್ತು," ಎಂದ. ಅವಳು ಮಾಡಿದ್ದ ತೆಂಗಿನ ಕೇಕಿನ ದೊಡ್ಡ ತುಂಡೊಂದನ್ನು ತಂದು ಅವಳ ತಟ್ಟೆಯಲ್ಲೇ ಇಟ್ಟ. "ತಿನ್ನು. ಬೆಳಗ್ಗೆಯಿಂದ ಕೆಲಸ ಮಾಡಿದ್ದೀಯ."

ಅವನಿಗೆ ಎಷ್ಟು ತಿಳಿದಿದೆ ಎಂದು ಓಲೀನ್ ಕೇಳಲಿಲ್ಲ. ಕೇಕು ತಿಂದಳು. ಚೆನ್ನಾಗಿಯೇ ಬಂದಿತ್ತು.

ಸೋಮವಾರ ಬೆಳಗ್ಗೆ ನಾಲ್ಕು ಅಂಗಿಗಳನ್ನು ಒಗೆದು ಹಗ್ಗಕ್ಕೆ ಹಾಕಿ ಒಳಗೆ ಬಂದಾಗ ಬಟ್ಟೆಯ ಸುರುಳಿ ಮೇಜಿನ ಮೇಲೆ ಹಾಗೇ ಇತ್ತು. ಓಲೀನ್ ಅದನ್ನು ಬಿಡಿಸಿದಳು. ಪಿಯಾನೋ ಬೆಂಚಿನ ದಿಂಬನ್ನು ತಂದು ಅದರ ಮೇಲಿಟ್ಟು ನೋಡಿದಳು. ದಿಂಬನ್ನು ಅದರ ಜಾಗಕ್ಕೆ ಮರಳಿಸಿ ಬಂದಳು. ಕೋಣೆಯ ಕನ್ನಡಿಯ ಮುಂದೆ ನಿಂತು ಬಟ್ಟೆಯನ್ನು ಭುಜಕ್ಕೆ ಹಿಡಿದಳು. ಒಂದೂವರೆ ಗಜ, ತೋಳು ಗಿಡ್ಡ ಮಾಡಿದರೆ ಸಾಕಾಗುತ್ತದೆ. ನೆಲ್ಡಾಳನ್ನು ಕೇಳಬೇಕಾಗಿರಲಿಲ್ಲ. ಸೂಜಿದಾರದ ಡಬ್ಬಿ ಅವಳಲ್ಲೂ ಇತ್ತು.

ಹಿತ್ತಿಲಲ್ಲಿ ಟೊಮೆಟೊ ಗಿಡಗಳಿಗೆ ಕೋಲು ನೆಡುತ್ತಿದ್ದ ಹಾಯ್ಟ್ ಕಿಟಕಿಯ ಹತ್ತಿರ ಬಂದು ಜಾಲರಿಗೆ ಮೂಗೊತ್ತಿ ಒಳಗೆ ಇಣುಕಿದ.

"ಏನು ಮಾಡ್ತಿದ್ದೀಯೆ?"

ಅವಳ ತುಟಿಗಳ ನಡುವೆ ಐದಾರು ಗುಂಡುಸೂಜಿಗಳಿದ್ದವು. ಅವಳು ತಲೆಯಾಡಿಸಿ, ಬೆಣ್ಣೆ ಬಣ್ಣದ ಬಟ್ಟೆಯ ಮೇಲೆ ಕುತ್ತಿಗೆಯ ಸುತ್ತು ಬರುವಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಕತ್ತರಿ ಹಾಕುವ ಮುಂಚೆ ಇನ್ನೊಮ್ಮೆ ಅಳೆದು, ಎದೆ ತುಂಬ ಉಸಿರು ತೆಗೆದುಕೊಂಡರೂ ಬಿಗಿಯಾಗದ ಹಾಗೆ, ಗೆರೆಯನ್ನು ಒಂದು ಬೆರಳಿನಷ್ಟು ಹೊರಕ್ಕೆ ಸರಿಸಿದಳು.